ತಲೆಕೆಳಗೆ ಹಿಡಿದ ಪದ್ಯದ ಪುಸ್ತಕ: ಪೋಷಕರಿಗೆ ಒಂದು ಪತ್ರ

ಮಲ್ಪೆ, ಜೂನ್ ಕೊನೆಯ ವಾರ

ಪ್ರೀತಿಯ ಪೋಷಕರೇ,

ನಮಸ್ಕಾರ. ಮೊನ್ನೆ ಒಂದನೇ ತರಗತಿಯ ಹುಡುಗನೊಬ್ಬನ ಅಮ್ಮ ಕೊಡೆ ಮಡಚುತ್ತಾ ನನ್ನ ರೂಮಿಗೆ ಬಂದರು. ಮುಖ ಸಪ್ಪಗಿತ್ತು. "ಟೀಚರ್, ಶಾಲೆಯಿಂದ ತಂದ ಪದ್ಯದ ಪುಸ್ತಕ ಇವನು ಗಟ್ಟಿಯಾಗಿ ಓದ್ತಾನೆ. ಖುಷಿಯಾಗಿ ಹತ್ತಿರ ಹೋಗಿ ನೋಡಿದರೆ ಪುಸ್ತಕ ತಲೆಕೆಳಗೆ! ಇದು ಓದೋದಾ, ಬಾಯಿಪಾಠವಾ?"

ಬಾಯಿಪಾಠವೇ. ಅದರಲ್ಲಿ ಅನುಮಾನ ಬೇಡ. ಆದರೆ ಹೆದರುವುದೂ ಬೇಡ. ಇದೇ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದು ಅಂತ ಎಲ್ಲರಿಗೂ ಬರೆಯುತ್ತಿದ್ದೇನೆ.

ಈ ವರ್ಷ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪ್ರತಿ ಶುಕ್ರವಾರ ಪ್ರಾಸ ಇರುವ ಒಂದು ಪುಸ್ತಕ ಮನೆಗೆ ಕೊಡುತ್ತಿದ್ದೇವೆ. ಅದಕ್ಕೆ ಮೊದಲು ಅದೇ ಪುಸ್ತಕವನ್ನು ತರಗತಿಯಲ್ಲಿ ವಾರವಿಡೀ ಓದಿರುತ್ತೇವೆ. ಹೇಗೆ ಅಂದರೆ, ಟೀಚರ್ ಓದುತ್ತಾ ಹೋಗಿ ಸಾಲಿನ ಕೊನೆಯ ಪದಕ್ಕೆ ಬರುವಾಗ ಸುಮ್ಮನಾಗುತ್ತಾರೆ. "ಬಂತು ಬಂತು ಮಳೆ, ಉಕ್ಕಿ ಹರಿಯಿತು..." ಅಂದರೆ ಸಾಕು, ಇಡೀ ಕ್ಲಾಸು "ಹೊಳೆ!" ಅಂತ ಕೂಗುತ್ತದೆ. ಪಕ್ಕದ ಕ್ಲಾಸಿನವರಿಗೆ ಸ್ವಲ್ಪ ತೊಂದರೆ, ಇರಲಿ. ಆಮೇಲೆ ಪುಟ ತೋರಿಸಿ, "ನೀವು ಹೇಳಿದ ಹೊಳೆ ಎಲ್ಲಿದೆ, ಹುಡುಕಿ" ಅನ್ನುತ್ತೇವೆ. ಆಗ ಮಕ್ಕಳ ಕಣ್ಣು 'ಳೆ' ಹುಡುಕಲು ಶುರು ಮಾಡುತ್ತದೆ. ಮಳೆ, ಹೊಳೆ, ಬೆಳೆ, ಕೊಳೆ. ಕಿವಿಗೆ ಒಂದೇ ಥರ ಕೇಳಿದ್ದು ಕಣ್ಣಿಗೂ ಒಂದೇ ಥರ ಕಾಣುತ್ತದೆ. ಇಂಗ್ಲಿಷಿನಲ್ಲಿ ಈ ಅನುಕೂಲ ಕಡಿಮೆ. ಬೇರ್ (bear), ಚೇರ್ (chair) ಎರಡರ ಕೊನೆಯೂ ಕೇಳಲು ಒಂದೇ, ಸ್ಪೆಲ್ಲಿಂಗ್ ಬೇರೆ. ನಮ್ಮದರಲ್ಲಿ ಬಾಯಲ್ಲಿ ಬಂದದ್ದೇ ಹೆಚ್ಚುಕಡಿಮೆ ಪುಟದಲ್ಲೂ ಇರುತ್ತದೆ ಅಲ್ವಾ?

ಒತ್ತಕ್ಷರಕ್ಕಂತೂ ಪ್ರಾಸದಷ್ಟು ಒಳ್ಳೆಯ ದಾರಿ ನನಗೆ ಬೇರೆ ಸಿಕ್ಕಿಲ್ಲ. ಅಕ್ಕಿ, ಹಕ್ಕಿ, ಚುಕ್ಕಿ ಒಂದರ ಕೆಳಗೊಂದು ಇದ್ದರೆ ಕ್ಕಿ ಅನ್ನುವುದು ಮಕ್ಕಳಿಗೆ ಒಂದು ಚಿತ್ರದ ಹಾಗೆ ನಿಂತುಬಿಡುತ್ತದೆ. ತುಳು ಮಾತಾಡುವ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ನಮ್ಮಲ್ಲಿ ಪಕ್ಕಿ, ಇಲ್ಲಿ ಹಕ್ಕಿ" ಅಂದಳು. ಪೂ ಹೂವಾಯಿತು, ಪಿಲಿ ಹುಲಿಯಾಯಿತು, ಆವತ್ತು ಪಾಠ ಮುಂದೆ ಹೋಗಲೇ ಇಲ್ಲ. ಮನೆಯ ಮಾತು ಬೇರೆ ಆದರೆ ಕನ್ನಡ ಓದಲು ಕಷ್ಟ ಅಂತ ಕೆಲವರು ಹೇಳುತ್ತೀರಿ. ಆ ಹುಡುಗಿಯನ್ನು ನೋಡಿದ ಮೇಲೆ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. ಎರಡನೇ ತರಗತಿಯ ಹುಡುಗನೊಬ್ಬ "ಅಮ್ಮನ ಕೈಗೆ ಹಸಿರು ಬಲೆ" ಅಂತ ಓದಿದ. ಪುಸ್ತಕದಲ್ಲಿ ಇದ್ದದ್ದು ಬಳೆ. ಮನೆ ಜಗಲಿ ತುಂಬ ಬಲೆಯೇ ಇರುವ ಹುಡುಗ, ಪಾಪ, ಬೇರೆ ಏನು ಓದಿಯಾನು! ಉಳಿದವರು ನಕ್ಕರು. ಟೀಚರ್ ತಿದ್ದಲಿಲ್ಲ. ಅವನು ಬೆರಳನ್ನು ಹಿಂದಕ್ಕೆ ತಂದು ಮೇಲಿನ ಸಾಲುಗಳನ್ನು ಮೆಲ್ಲಗೆ ಹೇಳಿಕೊಂಡ: "ಮಳೆ... ಹೊಳೆ... ಅಲ್ಲ ಟೀಚರ್, ಬಳೆ!" ಹೋದ ವರ್ಷ ಲ ಮತ್ತು ಳ ಕಲಿಸಲು ನಾನು ಮಕ್ಕಳಿಂದ ಕಾಪಿ ಪುಸ್ತಕದ ಪುಟಗಟ್ಟಲೆ ಬರೆಸಿದ್ದೆ. ಕೈ ನೋವು ಬಂತು, ಅಕ್ಷರ ಬರಲಿಲ್ಲ. ಪ್ರಾಸ ಅವನಿಗೆ ಅರ್ಧ ನಿಮಿಷದಲ್ಲಿ ಹೇಳಿಕೊಟ್ಟಿತು.

ಹಾಗಂತ ಬಾಯಿಪಾಠದಲ್ಲೇ ನಿಂತರೆ ಆಗುವುದಿಲ್ಲ. ಪದ್ಯ ಬಾಯಿಗೆ ಬಂದ ಮೇಲೆ ಬೆರಳು ಕೂಡ ಪದದಿಂದ ಪದಕ್ಕೆ ಹೋಗಬೇಕು. ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ಪಕ್ಕದಲ್ಲಿ ಕೂತು, ಬೆರಳು ಮತ್ತು ಬಾಯಿ ಜೊತೆಗೆ ಹೋಗುತ್ತವಾ ನೋಡಿ. ಬಾಯಿ ಮುಗಿದು ಬೆರಳು ಇನ್ನೂ ಎರಡನೇ ಸಾಲಿನಲ್ಲಿದ್ದರೆ ನಗಬೇಡಿ, ಇನ್ನೊಮ್ಮೆ ಹೇಳಿಸಿ. ಎರಡು ದಿನ ಬಿಟ್ಟು ಒಂದು ಪದವನ್ನು ಹೆಬ್ಬೆರಳಿನಿಂದ ಮುಚ್ಚಿ "ಇಲ್ಲಿ ಯಾವುದಿತ್ತು?" ಅಂತ ಕೇಳಿ, ಆಮೇಲೆ ಬೆರಳು ತೆಗೆದು ತೋರಿಸಿ. ನೀವೇ ಬೇಕಂತ ತಪ್ಪು ಓದಿ, "ಉಕ್ಕಿ ಹರಿಯಿತು ಇಡ್ಲಿ" ಅನ್ನಿ. ತಪ್ಪು ಹಿಡಿಯುವುದಕ್ಕಾದರೂ ಮಕ್ಕಳು ಪುಟ ನೋಡುತ್ತಾರೆ. ಓದಿದ ಕೂಡಲೇ ಉಕ್ತಲೇಖನ ಮಾತ್ರ ಬೇಡ, ದಯವಿಟ್ಟು.

ಅಪ್ಪಂದಿರಿಗೆ ಒಂದು ಮಾತು. ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನಗಳ ಈ ನಿಷೇಧದಲ್ಲಿ ತುಂಬ ಅಪ್ಪಂದಿರು ಸಂಜೆ ಮನೆಯಲ್ಲೇ ಇರುತ್ತೀರಿ. ಬಲೆ ಸರಿಮಾಡುತ್ತಾ ಇದ್ದರೂ ಕಿವಿ ಖಾಲಿ ಇರುತ್ತದಲ್ಲ, ಮಗು ಪಕ್ಕದಲ್ಲಿ ಕೂತು ಓದಲಿ. ನಿಮಗೆ ಓದಲು ಬಾರದಿದ್ದರೂ ತೊಂದರೆ ಇಲ್ಲ, ಪ್ರಾಸ ತಪ್ಪಿದರೆ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು ನಿಮ್ಮ ಊರಿನ ಆಟದ ಹಾಡು ಹೇಳಿಕೊಡಿ, ತುಳು ಮನೆಯ ಅಜ್ಜಿಯರು ಜೋಗುಳ ಹೇಳಿ. ಅವನ್ನು ದೊಡ್ಡ ಹಾಳೆಯಲ್ಲಿ ಬರೆದು ತರಗತಿಯ ಗೋಡೆಗೆ ಹಚ್ಚುತ್ತೇವೆ.

ಪುಸ್ತಕ ಕೊಳ್ಳುವವರು ಅಂಗಡಿಯಲ್ಲೇ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ಪ್ರಾಸಕ್ಕಾಗಿ ತ್ರಾಸ ಪಟ್ಟು, ಯಾರೂ ಆಡದ ಪದ ತುರುಕಿದ ಪುಸ್ತಕಗಳು ಜಾಸ್ತಿ ಇವೆ. ನಾಲಿಗೆ ಎಡವಿದರೆ ಅಲ್ಲೇ ಬಿಟ್ಟು ಬನ್ನಿ. ಮಕ್ಕಳ ಪದ್ಯ ಅಂದರೆ ಹಗುರ ಕೆಲಸ ಅಲ್ಲ. ಮಕ್ಕಳ ಪದ್ಯ ಬರೆದ, ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಿಕೆ ಮಾಡಿ, ಮಕ್ಕಳ ಬಾಯಿ ಬಲ್ಲವರಾಗಿದ್ದರು. ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲಿ ಪ್ರಾಸ (ಸಾಲಿನ ಎರಡನೇ ಅಕ್ಷರದ ಹಳೆಯ ಪ್ರಾಸ) ಬಿಟ್ಟರು ಅಂತ ದೊಡ್ಡವರ ಕಾವ್ಯದಲ್ಲಿ ದೊಡ್ಡ ಸುದ್ದಿ. ನಮ್ಮ ಒಂದನೇ ಕ್ಲಾಸಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕೊಳ್ಳಲು ಆಗದವರು ಫೋನಿನಲ್ಲಿ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್ ನೋಡಿ, ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಇನ್ನು ಮಳೆಯ ವಿಷಯ. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಕಳಿಸುತ್ತೇವೆ, ನೀವೂ ಹಾಗೇ ಕಳಿಸಿ. ಪುಸ್ತಕ ವಾಪಸು ತರಬೇಕಾದ ಸೋಮವಾರ ಮಳೆಗೆ ರಜೆ ಸಾರಿದರೆ ಶಾಲೆ ತೆರೆದ ದಿನ ತಂದರಾಯಿತು. ಒದ್ದೆಯಾದರೆ ಮಗುವಿಗೆ ಬೈಯಬೇಡಿ, ಒಲೆಯ ಹತ್ತಿರವೂ ಇಡಬೇಡಿ. ಪುಟಗಳ ನಡುವೆ ಹಳೆ ಪೇಪರ್ ಇಟ್ಟು ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ