ಕಾಫಿ ಕುಯ್ಲಿಗೆ ಮುಂಚೆ ಒಂದು ಮಾತು

ಪ್ರೀತಿಯ ಪೋಷಕರೇ,

ಅರೇಬಿಕಾ ಕೆಂಪಾಗುತ್ತಿದೆ. ಇನ್ನೇನು ಕುಯ್ಲು ಶುರುವಾದರೆ ಮಾರ್ಚ್‌ನಲ್ಲಿ ರೋಬಸ್ಟಾ ಮುಗಿಯುವ ತನಕ ನಿಮಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, ಗೊತ್ತು. ಅದೇ ತಿಂಗಳುಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಗೈರು ಜಾಸ್ತಿಯಾಗುತ್ತದೆ. ಅದಕ್ಕೇ ಮುಂಚೆಯೇ ಈ ಕಾಗದ. ಓದಲು ಬಾರದವರಿಗಾಗಿ ವಾಟ್ಸ್‌ಆಪ್ ಗುಂಪಿನಲ್ಲಿ ನಾನೇ ಓದಿ ಹಾಕಿದ್ದೇನೆ, ಕೇಳಿಸಿಕೊಳ್ಳಿ.

ಇಷ್ಟು ವರ್ಷ ಗೈರಾದ ಮಗುವನ್ನು "ಯಾಕೆ ಬರಲಿಲ್ಲ?" ಅಂತ ಕೇಳುತ್ತಿದ್ದೆವು, ಅಷ್ಟೇ. ಕಳೆದ ಡಿಸೆಂಬರಿನಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಒಂದು ವಾರ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡು ಮನೆಗೆ ಹೋದೆ. ಹುಡುಗ ಅಪ್ಪನ ಜೊತೆ ಅಯ್ಯಪ್ಪ ಮಾಲೆ ಹಾಕಿದ್ದ. ಕಪ್ಪು ಪಂಚೆ, ಬರಿಗಾಲು, ಹಣೆಗೆ ಗಂಧ. ಜಗಲಿಯ ಮೇಲೆ ಕೂತು, ಪಾಠ ಹಿಂದೆ ಬೀಳಬಾರದು ಅಂತ ಕನ್ನಡ ಪುಸ್ತಕವನ್ನು ಒಬ್ಬನೇ ಜೋರಾಗಿ ಓದುತ್ತಿದ್ದ. "ಕಾನ್ವೆಂಟ್ ಅಲ್ವಾ ಸಿಸ್ಟರ್, ಯೂನಿಫಾರ್ಮ್ ಇಲ್ಲದೆ ಕಳಿಸಿದ್ರೆ ಬೈತಾರೇನೋ ಅಂತ ನಾವೇ ನಿಲ್ಸಿದ್ವಿ" ಅಂದರು ಅವನಮ್ಮ. ನಾವು ಯಾರಿಗೂ ಬೈದಿರಲಿಲ್ಲ. ಆದರೆ ಬೈಯುವುದಿಲ್ಲ ಅಂತಲೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ತಪ್ಪು ನಮ್ಮದು.

ಈಗ ಹೇಳುತ್ತಿದ್ದೇನೆ. ಮಾಲೆ ಹಾಕಿದ ಮಕ್ಕಳು 41 ದಿನವೂ ಕಪ್ಪು ಬಟ್ಟೆಯಲ್ಲೇ, ಬರಿಗಾಲಲ್ಲೇ ಬರಲಿ. ಟೀಚರ್‌ಗಳೂ ಅವರನ್ನು "ಸ್ವಾಮಿ" ಅಂತಲೇ ಕರೆಯುತ್ತಾರೆ. ಊಟ ಮನೆಯಿಂದಲೇ ತರಲಿ. ಶುಕ್ರವಾರ ನಮಾಜಿಗೆ ಹೋಗುವ ಹುಡುಗರು ಹೋಗಿ ವಾಪಸ್ ಬರಲಿ, ಅದಕ್ಕಾಗಿ ಇಡೀ ಮಧ್ಯಾಹ್ನ ಮನೆಯಲ್ಲಿ ಉಳಿಯುವುದು ಬೇಡ. ನಮ್ಮದು ಕ್ರೈಸ್ತ ಶಾಲೆ, ಬೆಳಗ್ಗೆ ಪ್ರಾರ್ಥನೆ ಇರುತ್ತದೆ. ನಿಮಗೆ ಇಷ್ಟವಿಲ್ಲದಿದ್ದರೆ ನಿಮ್ಮ ಮಗು ಅದರಲ್ಲಿ ಸೇರಲೇಬೇಕೆಂದಿಲ್ಲ. ಅನುದಾನಿತ ಶಾಲೆಗಳ ಬಗ್ಗೆ ಸಂವಿಧಾನದ 28ನೇ ವಿಧಿ ಹೇಳುವುದೂ ಇದನ್ನೇ.

ಇನ್ನು ಕ್ಲಾಸಿನ ಒಳಗಿನ ಮಾತು. ನಮ್ಮ ಮಕ್ಕಳ ಮನೆಗಳಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು, ಬ್ಯಾರಿ ಇವೆ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಜೂನ್‌ನಲ್ಲಿ ಸೇರಿದ ಅಲ್ಲಿನ ಒಬ್ಬ ಹುಡುಗ ನಾಲ್ಕು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಎರಡು ದಿನ ಬಂದರೆ ಮೂರು ದಿನ ಇಲ್ಲ. ಹೋದ ತಿಂಗಳು ಅವನ ಟೀಚರ್ ಹಸಿರು ಗೊಂಚಲಿದ್ದ ಮೆಣಸಿನ ಬಳ್ಳಿಯ ತುಂಡೊಂದನ್ನು ಮೇಜಿನ ಮೇಲಿಟ್ಟು, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ ಅಂತ ಕೇಳಿದರು. ಒಬ್ಬಳು "ಒಳ್ಳೆಮೆಣಸು" ಅಂದಳು. ತುಳು ಮನೆಯವನು "ಎಡ್ಡೆ ಮುಂಚಿ" ಅಂದ. ಎಡ್ಡೆ ಅಂದರೂ ಒಳ್ಳೆಯದು ಅಂತಲೇ ಅರ್ಥ ಅಂತ ಗೊತ್ತಾದಾಗ ಮಕ್ಕಳಿಗೆ ಭಾರೀ ಖುಷಿ. ತಮಿಳಿನವರು "ಮಿಳಗು" ಅಂದರು. ಆಗ ಹಿಂದಿನ ಬೆಂಚಿನಿಂದ ಸಣ್ಣ ದನಿಯಲ್ಲಿ "ಜಾಲುಕ್" ಅಂತ ಕೇಳಿಸಿತು. ಟೀಚರ್ ಅದನ್ನೂ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲೇ ಬರೆದರು. ಅವನೇ ಎದ್ದು ಬಂದು ಆ ಮೂರು ಅಕ್ಷರಗಳ ಮೇಲೆ ಬೆರಳಾಡಿಸಿದ. ಅವತ್ತಿನಿಂದ ಅವನು ತಪ್ಪಿಸಿದ್ದು ಒಂದೇ ದಿನ, ಅದೂ ಲೈನಿನ ಹತ್ತಿರ ಆನೆ ಬಂದಿತ್ತು ಅಂತ.

ಕೆಲವರು ಕೇಳುತ್ತೀರಿ, ಇಂಗ್ಲಿಷ್ ಕಲಿಸಿ ಅಂತ ಕಳಿಸಿದರೆ ಮನೆ ಮಾತು ಯಾಕೆ ಅಂತ. ಇಂಗ್ಲಿಷ್ ಪಾಠ ಒಂದು ಗಂಟೆಯೂ ಕಡಿಮೆಯಾಗಿಲ್ಲ. ಮೆಣಸು ಅಂದರೇನು ಅಂತ ತನ್ನ ಮಾತಿನಲ್ಲಿ ಗೊತ್ತಿರುವ ಮಗುವಿಗೆ "ಪೆಪ್ಪರ್" ಅನ್ನುವ ಪದವೊಂದೇ ಹೊಸದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆ ಮಾತಿನಲ್ಲಿ ಕಲಿಸಿ ಅನ್ನುತ್ತದೆ. ಅಮೆರಿಕದಲ್ಲಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಅನ್ನುವ ಶಿಕ್ಷಣ ಸಂಶೋಧಕಿ ಕಪ್ಪು ಮಕ್ಕಳಿಗೆ ಚೆನ್ನಾಗಿ ಕಲಿಸುವ ಟೀಚರ್‌ಗಳು ಏನು ಮಾಡುತ್ತಾರೆ ಅಂತ ಹತ್ತಿರದಿಂದ ನೋಡಿ 1995ರಲ್ಲಿ ಬರೆದರು. ಮಗು ಮನೆಯಿಂದ ತರುವ ಮಾತು, ಬದುಕಿನ ಮೇಲೇ ಆ ಟೀಚರ್‌ಗಳು ಪಾಠ ಕಟ್ಟುತ್ತಿದ್ದರು. ಅದನ್ನು ಓದಿದಾಗ ನಾನು ನಮ್ಮ ಲೈನ್ ಮನೆಗಳ ಮಕ್ಕಳನ್ನೇ ನೆನೆಸಿಕೊಂಡೆ.

ಈಗ ನಿಮ್ಮಿಂದ ಆಗಬೇಕಾದ್ದು. ಮಗುವೂ ಜೊತೆಗೆ ಹಣ್ಣು ಕುಯ್ದರೆ ಸಂಜೆ ತೂಕಕ್ಕೆ ನಾಲ್ಕು ಕೆಜಿ ಜಾಸ್ತಿ ಬರಬಹುದು. ದಯವಿಟ್ಟು ಬೇಡ. ಹದಿನಾಲ್ಕು ವರ್ಷದೊಳಗಿನವರನ್ನು ತೋಟದ ಕೆಲಸಕ್ಕೆ ಹಚ್ಚಲು ಕಾನೂನೂ ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲೇ ನಮ್ಮಲ್ಲಿ ಎರಡನೇ ಕ್ಲಾಸಿಗೆ ಒತ್ತಕ್ಷರ, ಮೂರನೇ ಕ್ಲಾಸಿಗೆ ಭಾಗಾಕಾರ ನಡೆಯುತ್ತದೆ. ಅದು ತಪ್ಪಿದ ಮಗು ಮುಂದಿನ ವರ್ಷವೆಲ್ಲ ಬೋರ್ಡ್ ನೋಡಿಕೊಂಡು ಸುಮ್ನೆ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮ ತಂಗಿಯನ್ನು ನೋಡಿಕೊಳ್ಳಲು ದೊಡ್ಡವಳನ್ನು ಮನೆಯಲ್ಲಿ ನಿಲ್ಲಿಸುವುದೇ ಜಾಸ್ತಿ. ಇದರಲ್ಲಿ ಅಮ್ಮಂದಿರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ, ಎತ್ತಿಕೊಳ್ಳುವ ಕೂಸನ್ನು ಬಿಟ್ಟು ಯಾರು ತೋಟಕ್ಕೆ ಹೋಗುತ್ತಾರೆ? ಮೂರು ವರ್ಷ ತುಂಬಿದ್ದರೆ ಪಕ್ಕದ ಅಂಗನವಾಡಿಗೆ ಬಿಡಿ, ಅಕ್ಕನೇ ಬರುವಾಗ ಕರೆದುಕೊಂಡು ಬರಲಿ. ಅದಕ್ಕಿಂತ ಚಿಕ್ಕ ಕೂಸಾದರೆ ನನಗೆ ಹೇಳಿ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರವೋ ಪಂಚಾಯ್ತಿಯಲ್ಲೋ ಮಾತಾಡಲು ನಾನೂ ನಿಮ್ಮ ಜೊತೆ ಬರುತ್ತೇನೆ. ನಿಮ್ಮನ್ನು ತೋಟಕ್ಕೆ ಕರೆದೊಯ್ಯುವ ಪಿಕಪ್ ಬೇಗ ಹೊರಡುತ್ತದೆ ಅಂತ ಮಗು ಮನೆಯಲ್ಲಿ ಉಳಿಯುವುದು ಬೇಡ. ಕುಯ್ಲು ಮುಗಿಯುವ ತನಕ ನಮ್ಮ ಗೇಟು 7:30ಕ್ಕೇ ತೆರೆದಿರುತ್ತದೆ, ಒಬ್ಬರು ಟೀಚರ್ ಇರುತ್ತಾರೆ.

ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬಂದ ದಿನ ಕಳಿಸಲೇಬೇಡಿ, ನನಗೊಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಪೊಂಗಲ್‌ಗೋ ಬಿಹುಗೋ ಊರಿಗೆ ಹೋಗುವವರು ಹೋಗುವ ತಾರೀಖು, ಬರುವ ತಾರೀಖು ಎರಡನ್ನೂ ಮೊದಲೇ ತಿಳಿಸಿ.

ಸೆಪ್ಟೆಂಬರ್ 8ರ ಮೋಂತಿ ಹಬ್ಬದ (ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ಹೊಸ ತೆನೆಯ ಹಬ್ಬ) ದಿನ ಭತ್ತದ ತೆನೆ ನೋಡಿ ಐದನೇ ಕ್ಲಾಸಿನ ಒಬ್ಬಳು "ನಮ್ಮನೇಲೂ ಹೊಸ್ತು ಮಾಡ್ತೀವಿ ಸಿಸ್ಟರ್" ಅಂದಿದ್ದಳು. ಮುಂದಿನ ಶನಿವಾರ ಅವಳಜ್ಜಿ ಬಂದು ಅದನ್ನು ಹೇಗೆ ಮಾಡುತ್ತಾರೆ ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ. ಕುಯ್ಲಿಗೆ ಹೋಗಲಾಗದ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲೂ ಇದ್ದರೆ ಕಳಿಸಿಕೊಡಿ. ಯಾವ ಭಾಷೆಯಲ್ಲಿ ಮಾತಾಡಿದರೂ ಸರಿ.

ಈ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, 11 ಗಂಟೆಗೆ, ಶಾಲೆಯಲ್ಲಿ ಸಭೆ ಇದೆ. ಸಂತೆಗೆ ಹೋಗುವವರು ದಾರಿಯಲ್ಲಿ ಹತ್ತು ನಿಮಿಷ ಬಂದು ಹೋಗಿ. ಕಾಫಿ ಇರುತ್ತದೆ.

ಇಂತಿ,
ನಿಮ್ಮ ಸಿಸ್ಟರ್
ಮುಖ್ಯ ಶಿಕ್ಷಕಿ