ಬಂದವರಿಗೂ ಹೋದವರಿಗೂ ಒಂದೇ ಅಳತೆ ಇರಲಿ

ಮಾನ್ಯ ಸಂಪಾದಕರೇ,

ವಲಸೆಯ ಬಗ್ಗೆ ಕೆಲವು ವಾರಗಳಿಂದ ನಿಮ್ಮ ಓದುಗರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ವಿದೇಶದಲ್ಲಿ ನೆಲೆಸಿದವರಿಗೆ ನಾಡುನುಡಿಯ ಬಗ್ಗೆ ಮಾತನಾಡುವ ಹಕ್ಕಿಲ್ಲವೆಂದು ಒಬ್ಬರು ಬರೆದರೆ, ಅಮೆರಿಕ, ಬ್ರಿಟನ್‌ಗಳಲ್ಲಿ ನಮ್ಮವರ ವಿರುದ್ಧ ಎದ್ದಿರುವ ಕೂಗೆಲ್ಲವೂ ವರ್ಣದ್ವೇಷವೇ ಎಂದು ಇನ್ನೊಬ್ಬರು ಬರೆದಿದ್ದಾರೆ. ಇದೇ ಅಂಕಣದಲ್ಲಿ, ನಮ್ಮ ಸಂಸ್ಕೃತಿಯ ಶುದ್ಧತೆ ಉಳಿಯಬೇಕಾದರೆ ಉತ್ತರ ಭಾರತದ ಕೂಲಿಕಾರರು ಮಂಡ್ಯ ಜಿಲ್ಲೆಗೆ ಬರುವುದನ್ನು ತಡೆಯಬೇಕೆಂಬ ಒತ್ತಾಯವೂ ಬಂದಿದೆ. ಈ ಮೂರೂ ಮಾತುಗಳನ್ನು ಬೇರೆಬೇರೆಯಾಗಿ ನೋಡಲು ಆಗುವುದಿಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಹೊಸದಾಗಿ ಬಂದವರು ಕಲಿಯಬಹುದಾದದ್ದನ್ನು ಕಲಿಯಲಿ ಎಂದು ಕೇಳುವ ಹಕ್ಕು ಯಾವ ಸಮಾಜಕ್ಕಾದರೂ ಇದೆ. ಅವರ ಹುಟ್ಟನ್ನು ಮುಂದಿಟ್ಟುಕೊಂಡು ಬಾಗಿಲು ಹಾಕುವ ಹಕ್ಕು ಯಾರಿಗೂ ಇಲ್ಲ. ಈ ಅಳತೆ ಕ್ಯಾಲಿಫೋರ್ನಿಯಕ್ಕೂ ಮಂಡ್ಯಕ್ಕೂ ಒಂದೇ ಆಗಿರಬೇಕು.

ಹುಟ್ಟನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯನ್ನು ನೋಡಬೇಕು. ಪಂಜಾಬಿನಿಂದ ಹೋದ ಈತ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು. ಆದರೂ ಅವರಿಗೆ ಪೌರತ್ವ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತು, ಏಕೆಂದರೆ ಅಂದಿನ ಕಾನೂನಿನ ಪ್ರಕಾರ ವಲಸೆ ಹೋದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರರಾಗಬಹುದಿತ್ತು. ಈ ಪ್ರಕರಣದಲ್ಲಿ ನಮಗೆ ಹೆಚ್ಚು ನೋವು ಕೊಡಬೇಕಾದದ್ದು ಥಿಂಡ್ ಅವರ ಪರವಾಗಿ ಮಂಡಿಸಿದ ವಾದ. ತಾವು ಮೇಲ್ಜಾತಿಯವರು, ಆರ್ಯ ಮೂಲದವರು, ಆದ್ದರಿಂದ ಬಿಳಿಯರ ಸಾಲಿಗೇ ಸೇರಬೇಕಾದವರು ಎಂದು ಅವರು ಹೇಳಿಕೊಂಡಿದ್ದರು. ಅಂದರೆ ಬಣ್ಣದ ಅಳತೆಗೋಲೇ ತಪ್ಪು ಎನ್ನುವ ಬದಲು, ಅದರ ಮೇಲ್ತುದಿಯಲ್ಲಿ ತಮಗೊಂದು ಜಾಗ ಕೇಳಿದ್ದರು. ನ್ಯಾಯಾಲಯ ಅದನ್ನೂ ಕೊಡಲಿಲ್ಲ. ಮರುವರ್ಷವೇ, 1924ರಲ್ಲಿ, ಏಷ್ಯಾದವರಿಗೆ ಬಾಗಿಲನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುವ ಕಾಯ್ದೆ ಬಂತು. 1946ರಲ್ಲಿ ಸ್ವಲ್ಪ ತೆರೆದಾಗಲೂ ಭಾರತೀಯರಿಗೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ.

ಆ ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಮಾರ್ಟಿನ್ ಲೂಥರ್ ಕಿಂಗ್ ಮುಂತಾದವರ ನೇತೃತ್ವದಲ್ಲಿ ಕಪ್ಪು ಜನರು ಲಾಠಿ, ನಾಯಿ, ಜೈಲುಗಳನ್ನು ಎದುರಿಸಿ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಗಳಿಸಿಕೊಂಡರು. ಅದೇ ಅಲೆಯಲ್ಲಿ ದೇಶವಾರು ಹಳೆಯ ಕೋಟಾ ಪದ್ಧತಿಯೂ ಕೊಚ್ಚಿಹೋಯಿತು. ಮೈಸೂರಿನ ವೈದ್ಯರು, ಎಂಜಿನಿಯರುಗಳು ಅಮೆರಿಕದಲ್ಲಿ ಮನೆ ಕಟ್ಟಿಕೊಳ್ಳಲು ದಾರಿಯಾದದ್ದು ಆ ಜನರ ಹೋರಾಟದಿಂದ. ಇದನ್ನು ನಮ್ಮ ಮನೆಗಳಲ್ಲಿ ಯಾರೂ ಮಕ್ಕಳಿಗೆ ಹೇಳುವುದಿಲ್ಲ ಎಂಬುದು ನನ್ನ ಬಹುದಿನದ ಬೇಸರ. ಹೆಣ್ಣು ನೋಡುವಾಗ ಬಣ್ಣ ಕೇಳುವ ನಾವು, 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿದ ನಾಡಿನವರಾದ ನಾವು, ಮಾನಸಗಂಗೋತ್ರಿಯಲ್ಲಿ ಓದಲು ಬಂದ ಆಫ್ರಿಕಾದ ಹುಡುಗನಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುವ ನಾವು, ವರ್ಣದ್ವೇಷದ ವಿರುದ್ಧ ಮಾತನಾಡಬೇಕು, ನಿಜ. ಆದರೆ ಆ ಮಾತು ನಮ್ಮ ಬೀದಿಯಿಂದಲೇ ಶುರುವಾಗಬೇಕು.

ಇನ್ನು ಜನ ಏಕೆ ಹೋಗುತ್ತಾರೆ ಎಂಬ ಪ್ರಶ್ನೆ. ಡಾಲರಿನ ಆಸೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ನಮ್ಮ ತಾಲ್ಲೂಕಿನ ಯಾವುದಾದರೂ ಹಳ್ಳಿಗೆ ಬಂದು ಪಹಣಿಗಳನ್ನು ನೋಡಲಿ. ತಾತನ ಕಾಲದ ನಾಲ್ಕು ಎಕರೆ ನಾಲೆ ಬಯಲು ಎರಡು ತಲೆಮಾರಿನ ಪಾಲುಪಾರೀಕತ್ತಿನಲ್ಲಿ ಗುಂಟೆಗಳಿಗೆ ಇಳಿದಿದೆ. ಕಬ್ಬು ಸಾಗಿಸಿದ ಮೇಲೆ ಬಾಕಿ ಹಣಕ್ಕಾಗಿ ಕಾಯುವುದು, ಮಳೆ ಕೈಕೊಟ್ಟ ವರ್ಷ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಕಾಯುವುದು, ಇವೆರಡರ ನಡುವೆ ಸಾಲ ಮಾಡಿ ಓದಿಸಿದ ಮಕ್ಕಳು ಮನೆಯಲ್ಲಿ ಕೂರಲು ಆಗುವುದಿಲ್ಲ. ನನ್ನ ತಮ್ಮನ ಮಗಳು ನರ್ಸಿಂಗ್ ಮುಗಿಸಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ದುಡಿದಳು. ಬರುತ್ತಿದ್ದ ಸಂಬಳ ಹಾಸ್ಟೆಲ್ಲಿಗೂ ಬಸ್ಸಿಗೂ ಸರಿಹೋಗುತ್ತಿತ್ತು. ವೃದ್ಧರ ಆರೈಕೆ ಮಾಡುವ ಕೆಲಸಕ್ಕೆ ಬ್ರಿಟನ್ 2022ರಲ್ಲಿ ವೀಸಾ ತೆರೆದಾಗ, ನನ್ನ ತಮ್ಮ ಗದ್ದೆಯನ್ನು ಭೋಗ್ಯಕ್ಕೆ ಹಾಕಿ ಏಜೆಂಟನೊಬ್ಬನಿಗೆ ಹಣ ಕಟ್ಟಿದ. ಅವಳು ಹೋಗಿ ಸೇರಿದ ಸಂಸ್ಥೆಗೆ ವಿದೇಶಿ ಕೆಲಸಗಾರರನ್ನು ಕರೆಸಿಕೊಳ್ಳಲು ಇದ್ದ ಪರವಾನಗಿಯೇ ರದ್ದಾಗಿ, 60 ದಿನಗಳಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಿ, ಇಲ್ಲವೇ ದೇಶ ಬಿಡಿ ಎಂಬ ಪತ್ರ ಬಂತು. ಆ ದಿನಗಳಲ್ಲಿ ತಮ್ಮನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣಲಿಲ್ಲ. ಹೇಗೋ ಇನ್ನೊಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಆ ಮಗು ನಾಡಿಗೆ ಬೆನ್ನು ತೋರಿಸಿ ಹೋದಳು ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಒಪ್ಪಲಾರೆ.

ವಿದೇಶಕ್ಕೆ ಹೋಗುವವರೆಲ್ಲ ಓದಿದವರೆಂಬ ಭಾವನೆಯೂ ಸರಿಯಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ಒಂದು ಕಾಲಕ್ಕೆ ಬೇಟೆಯನ್ನು ನಂಬಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಬದುಕು ಮುಗಿಯಿತು. ಗಿಡಮೂಲಿಕೆಯ ಕೂದಲೆಣ್ಣೆ ಕಾಯಿಸಿ ಊರೂರು ಮಾರಿದರು, ಹಾಗೆಯೇ ಮುಂದುವರಿದು ಆಫ್ರಿಕಾದ ದೇಶಗಳವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಇದು ತಿಳಿದದ್ದು. ಭಾರತ ಸರ್ಕಾರ ಆಪರೇಷನ್ ಕಾವೇರಿಯ ಮೂಲಕ ಸುಡಾನಿನಿಂದ ಜನರನ್ನು ಕರೆತಂದಿತು. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಮಾತನಾಡುವ, ಸಂತೆಯಲ್ಲಿ ಕನ್ನಡ ಮಾತನಾಡುವ, ಆಫ್ರಿಕಾದಲ್ಲಿ ವ್ಯಾಪಾರ ಮಾಡಿ ಬರುವ ಇವರ ಗುರುತು ಯಾವುದು ಎಂದು ಸಂಸ್ಕೃತಿಯ ಶುದ್ಧತೆಯ ಬಗ್ಗೆ ಬರೆದ ಮಹನೀಯರನ್ನು ಕೇಳಬೇಕೆನಿಸುತ್ತದೆ.

ಶುದ್ಧತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಜಿಲ್ಲೆಯ ಹೆಮ್ಮೆಯಾದ ಮೇಲುಕೋಟೆಗೆ ಆ ಹಿರಿಮೆ ತಂದ ರಾಮಾನುಜರು ಚೋಳ ನಾಡಿನ ಕಿರುಕುಳ ತಾಳಲಾರದೆ ಶ್ರೀರಂಗ ಬಿಟ್ಟು ಹೊಯ್ಸಳರ ಆಶ್ರಯಕ್ಕೆ ಬಂದವರೆಂದೇ ಪರಂಪರೆ ಹೇಳುತ್ತದೆ. ಮಂಡ್ಯಕ್ಕೆ ಸಕ್ಕರೆ ನಾಡೆಂಬ ಹೆಸರು ತಂದ ಕಾರ್ಖಾನೆ 1930ರ ದಶಕದಲ್ಲಿ ತಲೆಯೆತ್ತುವುದಕ್ಕೆ ದುಡಿದವರಲ್ಲಿ ಪ್ರಮುಖರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್. ಬೈಲಕುಪ್ಪೆಯ ಟಿಬೆಟನ್ನರು 1960ರ ದಶಕದಿಂದ ನಮ್ಮ ನೆರೆಯವರು. ಅಲ್ಲಿ ಹುಟ್ಟಿ ಬೆಳೆದ ಅನೇಕರು ಕನ್ನಡ ಬಲ್ಲರು.

ಈಗ ನಮ್ಮೂರಿನ ಆಲೆಮನೆಗೆ ಬರುತ್ತೇನೆ. ಸ್ಥಳೀಯರು ಆ ಬೆಂಕಿಯ ಮುಂದೆ ನಿಲ್ಲಲು ಒಪ್ಪದೆ ವರ್ಷಗಳೇ ಆದವು. ಈಗ ಅಲ್ಲಿ ಉತ್ತರ ಪ್ರದೇಶದಿಂದ ಬಂದ ಒಂದು ಕುಟುಂಬವಿದೆ. ಗಂಡ ಕೊಪ್ಪರಿಗೆಯ ಮುಂದೆ ನಿಂತು ಮಡ್ಡಿ ತೆಗೆಯುತ್ತಾನೆ, ಪಾಕ ಹದಕ್ಕೆ ಬಂತೆಂದು ಕನ್ನಡದಲ್ಲೇ ಕೂಗಿ ಹೇಳುತ್ತಾನೆ. ಹೆಂಡತಿ ಕಬ್ಬಿನ ಸಿಪ್ಪೆ ಒಣಹಾಕುತ್ತಾಳೆ. ಅವರ ಮಗಳು ನಮ್ಮ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಒತ್ತಕ್ಷರಗಳನ್ನು ತಪ್ಪಿಲ್ಲದೆ ಓದುತ್ತಾಳೆ. ಆ ಶಾಲೆಯಲ್ಲಿ ದಾಖಲಾತಿ ಕುಸಿದಿರುವುದಕ್ಕೆ ಕಾರಣ ಈ ಮಗುವಲ್ಲ, ಕನ್ನಡದ ಉಳಿವಿನ ಬಗ್ಗೆ ಭಾಷಣ ಮಾಡಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುವ ನಾವು.

ಇಷ್ಟು ಹೇಳಿದ ಮಾತ್ರಕ್ಕೆ ಬಂದವರಿಂದ ಏನನ್ನೂ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸಬೇಕಾದರೆ ಇಂಗ್ಲಿಷ್ ಬಲ್ಲೆನೆಂದು ತೋರಿಸಬೇಕು, ಆ ದೇಶದ ಬದುಕಿನ ಬಗ್ಗೆ ಪರೀಕ್ಷೆಯನ್ನೂ ಬರೆಯಬೇಕು. ಜರ್ಮನಿಯ ಪೌರತ್ವಕ್ಕೆ ಜರ್ಮನ್ ಬೇಕು. ನಮ್ಮ ಮಕ್ಕಳು ಗೊಣಗದೆ ಕಲಿಯುತ್ತಾರೆ, ಕಲಿಯಲೇಬೇಕು. ಹಾಗಿರುವಾಗ ಮೈಸೂರಿನ ಐಟಿ ಕಂಪನಿಗೆ ಬಂದು ಹತ್ತು ವರ್ಷ ಕಳೆದರೂ ತರಕಾರಿ ಕೊಳ್ಳುವಷ್ಟು ಕನ್ನಡ ಕಲಿಯದವರನ್ನು ನಾವು ಕೇಳುವುದು ನ್ಯಾಯವೇ. ಆದರೆ ಅವರು ಎಲ್ಲಿ ಹುಟ್ಟಿದರೆಂದು ಕೇಳಿ ಹಗೆ ಸಾಧಿಸುವುದು ಬೇರೆ. ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ನಿಯಮವನ್ನೇ ನೋಡಿ: ವರ್ಷವರ್ಷ ಕೊಡುವ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇದೆ, ಆ ಲೆಕ್ಕವೂ ಹುಟ್ಟಿದ ದೇಶದ ಮೇಲೆ. ಕೆನಡಾದ ಪೌರತ್ವ ಪಡೆದ ಕನ್ನಡಿಗನೂ ಭಾರತದ ಸರದಿಯಲ್ಲೇ ನಿಲ್ಲಬೇಕು. ಇದನ್ನು ಅನ್ಯಾಯವೆನ್ನುವ ನಾವು ಅದೇ ಅನ್ಯಾಯವನ್ನು ನಮ್ಮೂರಿನ ಆಲೆಮನೆಯ ಮುಂದೆ ಮಾಡಬಾರದು.

ಹೋದವರಿಗೂ ಒಂದು ಮಾತಿದೆ. ಕನ್ನಡ ಕೂಟಗಳನ್ನು ಕಟ್ಟಿ ಭಾನುವಾರ ಮಕ್ಕಳಿಗೆ ಅಕ್ಷರ ತಿದ್ದಿಸುವವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಜಾತಿಯನ್ನೂ ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದವರಿದ್ದಾರೆ. ಸಿಯಾಟಲ್ ನಗರವು 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ. ಥಿಂಡ್ ಅವರ ವಾದ ನೂರು ವರ್ಷಗಳ ನಂತರವೂ ನಮ್ಮನ್ನು ಬಿಟ್ಟಿಲ್ಲ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತಕ್ಕೆ ಎರಡು ಮನವಿ ಮಾಡುತ್ತೇನೆ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು; ನೋಂದಾಯಿತರು ಯಾರು, ಅವರಿಗೆ ಎಷ್ಟು ಶುಲ್ಕ ಕೊಡಬೇಕು ಎಂಬ ಮಾಹಿತಿಯನ್ನು ತಾಲ್ಲೂಕು ಕಚೇರಿಗಳಲ್ಲಿ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಕನ್ನಡದಲ್ಲಿ ಹಾಕಲಿ. ಹಾಗೆಯೇ ಕಬ್ಬಿನ ಹಂಗಾಮು ಶುರುವಾದ ಕೂಡಲೇ ಶಿಕ್ಷಕರನ್ನು ಆಲೆಮನೆಗಳಿಗೆ ಕಳಿಸಿ, ಅಲ್ಲಿರುವ ಮಕ್ಕಳನ್ನು ಹತ್ತಿರದ ಕನ್ನಡ ಶಾಲೆಗೆ ದಾಖಲು ಮಾಡಿಸಲಿ. ದೊಡ್ಡವರಿಗೆ ಸಂಜೆ ಹೊತ್ತು ಕನ್ನಡ ಕಲಿಸಲು ನನ್ನಂತಹ ನಿವೃತ್ತರು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ