ಗುಂಡನ ನಾಲಿಗೆಯ ಬಣ್ಣ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಹೊಸ ಕೆಲಸ, ಬಾಡಿಗೆ ಮನೆ, ಅಮ್ಮನ ಮಂಡಿನೋವು, ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಮೊನ್ನೆ ಮಧ್ಯಾಹ್ನ ನಿನ್ನ ನಾಯಿ ಗುಂಡ ಎರಡು ಮಹಡಿ ಮೆಟ್ಟಿಲು ಹತ್ತಿ ಬಂದು ಗೊರಗೊರ ಉಸಿರೆಳೆಯುತ್ತಿದ್ದ, ನಾಲಿಗೆ ಒಂಥರಾ ನೀಲಿ ಕಂಡಿತು, ಸ್ವಲ್ಪ ಹೊತ್ತಿಗೆ ಸರಿಹೋದ ಅಂತ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಆದರೆ ಹೇಳಬೇಕಾದ್ದು ಬಾಯಲ್ಲಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸರಿಹೋದ ಅಂತ ಬಿಡಬೇಡ ಮಗಾ. ಇದನ್ನು ಓದಿದ ದಿನವೇ ಅವನನ್ನು ಡಾಕ್ಟರಿಗೆ ತೋರಿಸು. ಶಿವಮೊಗ್ಗದಲ್ಲೇ ವೆಟರ್ನರಿ ಕಾಲೇಜು ಇದೆ, ನೀನು ದೂರ ಓಡಬೇಕಾಗಿಲ್ಲ.

ನಮ್ಮ ಚಿಂಟು ನಿನಗೆ ಫೋಟೋದಲ್ಲಿ ಮಾತ್ರ ಗೊತ್ತು. ಲಾಸಾ ಜಾತಿಯ ನಾಯಿ ಅಂತ ಹೇಳಿ ಕೊಟ್ಟಿದ್ದರು, ಮುಖ ಮಾತ್ರ ನಿನ್ನ ಶಿಟ್ಜು ಗುಂಡನಷ್ಟೇ ಚಪ್ಪಟೆ. ನೆಲ ಗುಡಿಸುವಷ್ಟು ಕೂದಲು. ನಿಮ್ಮ ಅತ್ತೆಯ ಮದುವೆಯ ದಿನ ಹಾವು ಕಚ್ಚಿ ಸತ್ತಿತು ಅಂತ ನಿಮ್ಮಪ್ಪ ಇವತ್ತಿಗೂ ಹೇಳುತ್ತಾರೆ. ಆ ಮದುವೆಯ ಉಳಿದ ಕಥೆಯೆಲ್ಲ ನೀನು ಸಾವಿರ ಸಲ ಕೇಳಿದ್ದೀಯ, ಬಿಡು. ಆದರೆ ಚಿಂಟುವಿಗೆ ಹಾವು ಕಚ್ಚಲಿಲ್ಲ ಪುಟ್ಟಿ.

1994ರ ಮೇ ತಿಂಗಳು. ನಾನು, ನಿಮ್ಮ ದೊಡ್ಡಪ್ಪ ಆಗ ಶಿವಮೊಗ್ಗದಲ್ಲಿದ್ದೆವು, ಚಿಂಟುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಸ್ಸಲ್ಲಿ ತೀರ್ಥಹಳ್ಳಿಗೆ ಬಂದಿದ್ದೆ. ಬಂದವರ ಕಾಲಿಗೆ ಸಿಕ್ಕುತ್ತದೆ, ಬೊಗಳುತ್ತದೆ ಅಂತ ಅಂಗಳದಾಚೆ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಕಟ್ಟಿದೆ. ಮೇಲೆ ಜಿಂಕ್ ಶೀಟು. ಕಟ್ಟಿದ್ದು ನಾನೇ, ಬೇರೆ ಯಾರೂ ಅಲ್ಲ. ಹನ್ನೊಂದರ ಹೊತ್ತಿಗೆ ಒಂದು ಬಟ್ಟಲು ನೀರಿಡೋಣ ಅಂತ ಹೋದಾಗ ಅದರ ಗೊರಕೆ ಬಾಗಿಲಿನ ತನಕ ಕೇಳುತ್ತಿತ್ತು. ದಿನಾ ಗೊರಕೆ ಹೊಡೆಯುವ ನಾಯಿ, ಸುಖವಾಗಿ ಮಲಗಿದೆ ಅಂದುಕೊಂಡೆ. ಎಬ್ಬಿಸುವುದು ಯಾಕೆ ಅಂತ ನೀರಿಟ್ಟು ಬಂದುಬಿಟ್ಟೆ. ಅದು ಗೊರಕೆಯಾಗಿರಲಿಲ್ಲ, ಉಸಿರಿಗೆ ಒದ್ದಾಡುತ್ತಿತ್ತು.

ಮೊದಲ ಪಂಕ್ತಿ ಎದ್ದ ಮೇಲೆ ಹೋದೆ. ಮಗ್ಗುಲಾಗಿ ಬಿದ್ದಿತ್ತು, ಬಾಯಿ ತುಂಬ ಅಂಟು ಜೊಲ್ಲು. ನಾಲಿಗೆ ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆಯ ಹಾಗೆ ಇತ್ತು. ನಾನು ದಡ್ಡಿ, ಬಾಯಿ ಅಗಲಿಸಿ ಚೊಂಬಿನಿಂದ ನೀರು ಸುರಿದೆ. ನುಂಗಲು ಅದಕ್ಕೆ ಶಕ್ತಿಯೇ ಇರಲಿಲ್ಲ. ಯಾರೋ ಹಾವಿರಬೇಕು ಅಂದರು. ನಾನು ಹೂಂ ಅಂದೆ. ಮದುವೆಮನೆಯಲ್ಲಿ ಅಳುವ ಹಾಗಿಲ್ಲ, ಹಾವು ಅಂದರೆ ಯಾರ ತಪ್ಪೂ ಅಲ್ಲ ಅಲ್ವಾ? ಅವತ್ತಿಂದ ಹಾವೇ ಆಯಿತು.

ಆಮೇಲೆ ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನನಗೆ ಬಿಡಿಸಿ ಹೇಳಿದರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವು ಕಳೆಯಬೇಕು. ಈ ಜಾತಿಗಳಲ್ಲಿ ಮುಖದ ಮೂಳೆ ಗಿಡ್ಡವಾಗಿದೆ, ಒಳಗಿನ ಮಾಂಸ ಗಿಡ್ಡವಾಗಿಲ್ಲ. ಅಂಗುಳಿನ ಹಿಂದಿನ ಮೆತ್ತನೆ ಭಾಗ ಗಂಟಲಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆ ಸೀಳಿನಷ್ಟು ಕಿರಿದು. ಏದುಸಿರು ಬಿಟ್ಟಷ್ಟೂ ಗಂಟಲು ಊದಿಕೊಳ್ಳುತ್ತದೆ, ಊದಿದಷ್ಟೂ ಉಸಿರು ಕಟ್ಟುತ್ತದೆ. ನಾಯಿಯ ಮೈ ಬಿಸಿ ಸಾಧಾರಣವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 104 ದಾಟಿದರೆ ಅಪಾಯ. ಅದನ್ನು ಕೇಳುತ್ತಾ ನನಗೆ ಜಿಂಕ್ ಶೀಟು ಕಣ್ಣೆದುರು ಬಂತು. ನಾನೇ ನೆರಳು ಅಂತ ಕಟ್ಟಿದ ಜಾಗ.

ನಿನಗೆ ಬುದ್ಧಿ ಹೇಳಲು ನಾನು ಯಾರು ಅಂತಲೂ ಅನಿಸುತ್ತದೆ. ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಮೆಟ್ಟಿಲು ಅವನನ್ನು ಹತ್ತಿಸಬೇಡ, ಎತ್ತಿಕೊಂಡು ಹೋಗು. ಶಿವಮೊಗ್ಗದ ಮಾರ್ಚ್ ಏಪ್ರಿಲ್ ಬಿಸಿಲು ನಿನಗೆ ಗೊತ್ತಲ್ಲ, 36 ಡಿಗ್ರಿ ಮುಟ್ಟುತ್ತದೆ, ತಿರುಗಾಡಿಸುವುದಿದ್ದರೆ ಬೆಳಗಾಗುತ್ತಿದ್ದ ಹಾಗೆ ಮುಗಿಸು. ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಪಟ್ಟಿ ತೆಗೆದುಕೋ. ಫೋಟೋದಲ್ಲಿ ದುಂಡಗಾಗಿದ್ದಾನೆ, ಹೆಸರಿಗೆ ತಕ್ಕ ಹಾಗೆ, ಆದರೆ ಮೈ ಬಂದಷ್ಟೂ ಉಸಿರಿಗೆ ಕಷ್ಟ. ಬಿಸ್ಕತ್ತು ನಿಲ್ಲಿಸು ಅಂದರೆ ನಿನಗೆ ಕೋಪ ಬರುತ್ತದೋ ಏನೋ.

ಮತ್ತೆ ನಾಲಿಗೆ ನೀಲಿಯಾದರೆ ಅವನು ತಾನಾಗಿ ಸುಧಾರಿಸಲಿ ಅಂತ ನೋಡುತ್ತಾ ಕೂರಬೇಡ. ಫ್ಯಾನಿನ ಕೆಳಗೆ ತಣ್ಣನೆ ನೆಲದ ಮೇಲೆ ಮಲಗಿಸು, ಹೊಟ್ಟೆ, ತೊಡೆಸಂದಿ, ಪಾದಕ್ಕೆಲ್ಲ ನಲ್ಲಿ ನೀರು ಹಾಕು, ಬಾಯಿಗೆ ಮಾತ್ರ ಸುರಿಯಬೇಡ. ನೀರು ಹಾಕುತ್ತಲೇ ಆಟೋ ಕರೆಸು. ಬಾಯಿ ಬಿಡಿಸಿ ವಸಡು ನೋಡುವುದನ್ನೂ ಅಭ್ಯಾಸ ಮಾಡಿಕೋ. ಆರಾಮಾಗಿರುವಾಗ ಅದು ಹೇಗೆ ಗುಲಾಬಿಯಾಗಿರುತ್ತದೆ ಅಂತ ನಿನ್ನ ಕಣ್ಣಿಗೆ ರೂಢಿಯಾಗಲಿ, ಆಗ ಬಣ್ಣ ಕೆಟ್ಟಾಗ ಗೊತ್ತಾಗುತ್ತದೆ. ನನಗೆ ಆ ರೂಢಿ ಇರಲಿಲ್ಲ.

ಅವನು ರಾತ್ರಿ ಗೊರಕೆ ಹೊಡೆಯುವುದನ್ನು, ಓಡಾಡಿ ಬಂದು ಏದುಸಿರು ಬಿಡುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸು. ಆಸ್ಪತ್ರೆಯಲ್ಲಿ ಟೇಬಲ್ಲಿನ ಮೇಲೆ ಇವು ಜಾಣರ ಹಾಗೆ ನಿಂತುಬಿಡುತ್ತವೆ. ಮೂಗಿನ ಹೊಳ್ಳೆ ಅಗಲ ಮಾಡುವ, ಆ ಉದ್ದನೆ ಅಂಗುಳು ಕತ್ತರಿಸುವ ಆಪರೇಷನ್ ಇದೆ. ಬೇಕಾ ಬೇಡವಾ ಅವರೇ ಹೇಳಲಿ, ಆದರೆ ನೀನು ಬಾಯಿಬಿಟ್ಟು ಕೇಳು. ಖರ್ಚಿನ ಬಗ್ಗೆ ಯೋಚನೆ ಮಾಡಬೇಡ, ಈ ಸಲದ ಅಡಿಕೆ ದುಡ್ಡು ಇದೆ.

ಕೂದಲಿನ ಬಗ್ಗೆ ಕೇಳಿದ್ದೀಯ. ದಿನಾ ಬಾಚು, ಕಿವಿ ಹಿಂದೆ, ಕಂಕುಳಲ್ಲಿ ಜಾಸ್ತಿ ಗಂಟಾಗುತ್ತದೆ. ಕಣ್ಣಿಗೆ ಚುಚ್ಚದ ಹಾಗೆ ಜುಟ್ಟು ಕಟ್ಟು, ಬೇಸಿಗೆಗೆ ಗಿಡ್ಡ ಮಾಡಿಸಿದರೂ ತಪ್ಪಿಲ್ಲ. ಚಿಂಟುವಿನ ಜುಟ್ಟಿಗೆ ನಾನು ನನ್ನ ಜಡೆಯ ಕೆಂಪು ರಿಬ್ಬನ್ ತುಂಡು ಕಟ್ಟುತ್ತಿದ್ದೆ. ಅವತ್ತು ಮದುವೆಗೆ ಅಂತ ಹೊಸದು ಕಟ್ಟಿದ್ದೆ.

ಮೇ ತಿಂಗಳಲ್ಲಿ ಅವನನ್ನು ಊರಿಗೆ ಕರೆದುಕೊಂಡು ಬರುತ್ತೇನೆ ಅಂದಿದ್ದೀಯ. ಬೇಡ ಪುಟ್ಟಿ, ಈ ಬೇಸಿಗೆ ಬೇಡ. ಬಸ್ಸು, ಬಿಸಿಲು, ಮತ್ತೆ ಆ ಹೊತ್ತಿಗೆ ಇಲ್ಲಿ ಉಣುಗು ಬೇರೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಊರು ನಮ್ಮದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಗೊತ್ತಾದದ್ದು. ಅಷ್ಟು ಕೂದಲಿನೊಳಗೆ ಹೊಕ್ಕ ಉಣುಗು ಹುಡುಕುವುದು ಹೇಗೆ? ಮಳೆ ಮುಗಿದ ಮೇಲೆ ದೀಪಾವಳಿಗೆ ಕರೆದುಕೊಂಡು ಬಾ, ಉಣುಗಿನ ಔಷಧಿ ಹಾಕಿಸಿಕೊಂಡು. ಒಳಗೆ ನಡುಮನೆಯಲ್ಲೇ ಮಲಗಲಿ. ಆ ಶೆಡ್ಡನ್ನು ನಾನು ಆವತ್ತೇ ಬೀಳಿಸಬೇಕಿತ್ತು.

ಡಾಕ್ಟರ ಹತ್ತಿರ ಹೋಗಿ ಬಂದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಹಾವಿನ ವಿಷಯ ನಿಮ್ಮಪ್ಪನಿಗೆ ನೀನು ಹೇಳಬೇಡ, ಅವರು ಬಂದಾಗ ನಾನೇ ಹೇಳುತ್ತೇನೆ.

ನಿನ್ನ ದೊಡ್ಡಮ್ಮ